ವಾರ್ಡಿನ ಗುಂಪಿಗೆ ಬಿದ್ದ ಪೆನ್ಶನ್ ಪಟ್ಟಿ: ಪಂಚಾಯತು ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ಪೆನ್ಶನ್ ಪಟ್ಟಿಯ ಫೋಟೋವನ್ನು ವಾರ್ಡಿನ ವಾಟ್ಸಾಪ್ ಗುಂಪಿನಿಂದ ತೆಗೆಸಿ ಎಂದು ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪಂಚಾಯತು ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟಾಗಿದೆ. ಮೊದಲನೆಯದಕ್ಕೆ ರಶೀದಿ ಉಂಟು, ಎರಡನೆಯದಕ್ಕೆ ಅದೂ ಇಲ್ಲ. ಉತ್ತರ ಎರಡಕ್ಕೂ ಬಂದಿಲ್ಲ. ಎರಡೂ ಅರ್ಜಿ ಕನ್ನಡದಲ್ಲಿದ್ದವು. ಎರಡನೆಯದನ್ನು ಕೈಗೆ ತೆಗೆದುಕೊಂಡವರು ಮಲಯಾಳದಲ್ಲಿ ಬರೆದು ತನ್ನಿ ಎಂದರು. ಹಾಗಾಗಿ ಈಗ ಊರೆಲ್ಲ ಓದುವಂತೆ, ಮತ್ತೆ ಕನ್ನಡದಲ್ಲೇ ಬರೆಯಬೇಕಾಗಿ ಬಂತು.

ಪಟ್ಟಿ ಯಾವುದೆಂದು ತಮಗೆ ಗೊತ್ತು. ಮಸ್ಟರಿಂಗ್, ಅಂದರೆ ಪೆನ್ಶನ್ ಪಡೆಯುವವರು ಬದುಕಿದ್ದಾರೆಂದು ಬೆರಳಚ್ಚು ಕೊಟ್ಟು ಖಚಿತಪಡಿಸುವ ಕೆಲಸ, ಬಾಕಿ ಇರುವವರ ಹೆಸರುಗಳು. ಬೇಗ ಬಂದು ಬೆರಳು ಕೊಡಲಿ, ಪೆನ್ಶನ್ ನಿಲ್ಲದಿರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಹಾಕಿದ್ದು ಏನು? ಕಂಪ್ಯೂಟರಿನ ಪರದೆಗೇ ಮೊಬೈಲ್ ಹಿಡಿದು ತೆಗೆದ ಫೋಟೋ. ಅದರಲ್ಲಿ ಒಂಬತ್ತು ಕಾಲಂ: ಕ್ರಮಸಂಖ್ಯೆ, ಹೆಸರು, ಮನೆ ಹೆಸರು, ರೇಷನ್ ಕಾರ್ಡಿನ ಬಣ್ಣ, ಮೊಬೈಲ್ ನಂಬರ್, ಹನ್ನೆರಡೂ ಅಂಕಿಯ ಆಧಾರ್, ಬ್ಯಾಂಕ್ ಖಾತೆ, ಪೆನ್ಶನಿನ ಬಗೆ, ಕೊನೆಗೆ ಷರಾ. ಮಸ್ಟರಿಂಗಿಗೆ ಕರೆಯಲು ಬೇಕಾಗಿದ್ದದ್ದು ಹೆಸರು, ಮನೆ ಹೆಸರು, ಕೊನೆಯ ದಿನಾಂಕ. ಮಿಕ್ಕ ಕಾಲಂಗಳಿಗೆ ಆ ಗುಂಪಿನಲ್ಲಿ ಏನೂ ಕೆಲಸ ಇರಲಿಲ್ಲ.

ಆ ಷರಾ ಕಾಲಂ ಮಲಯಾಳದಲ್ಲಿತ್ತು. ಒಂದು ಸಾಲಿನಲ್ಲಿ ಅರುವತ್ತು ದಾಟಿದ ವಿಧವೆಯೊಬ್ಬರ ಹೆಸರಿನ ಮುಂದೆ, ಅವರು ಯಾವ ಕಾಯಿಲೆಗೆ ಎಷ್ಟು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಬರೆದಿತ್ತು. ಅದು ಮನಸ್ಸಿನ ಕಾಯಿಲೆ. ಮದುವೆಯಾಗಿ ಹೋದ ಮಗಳ ಗಂಡನ ಮನೆಗೂ ಗೊತ್ತಿಲ್ಲದ ಸಂಗತಿ. ಆ ಅಮ್ಮನಿಗೆ ಮಲಯಾಳ ಓದಲು ಬರುವುದಿಲ್ಲ. ಪೆನ್ಶನ್ ಅರ್ಜಿಗೆ ಕನ್ನಡದಲ್ಲಿ ಸಹಿ ಹಾಕಿದ್ದಾರೆ, ಅದರಲ್ಲಿ ಏನಿದೆ ಎಂದು ಆಗಲೂ ಅವರಿಗೆ ಗೊತ್ತಿರಲಿಲ್ಲ. ಗುಂಪಿನಲ್ಲಿ ಪಟ್ಟಿ ಬಂದಾಗ ನೆರೆಮನೆಯ ಶಾಲೆಗೆ ಹೋಗುವ ಹುಡುಗ ಜಗಲಿಯಲ್ಲಿ ಕುಳಿತು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ತನ್ನ ಬಗ್ಗೆ ಏನು ಬರೆದಿದೆ ಎಂದು ಅವರಿಗೆ ತಿಳಿದದ್ದು ಹಾಗೆ, ನಾಲ್ಕು ಜನರ ಎದುರಿಗೆ. ಮುಂದಿನ ಎರಡು ವಾರ ಅವರು ರೇಷನ್ ಅಂಗಡಿಗೆ ಹೋಗಲಿಲ್ಲ.

ಅಧ್ಯಕ್ಷರೇ, ಇದನ್ನು ಸಣ್ಣ ತಪ್ಪು ಎಂದು ಹೇಳಬೇಡಿ. ಪಟ್ಟಿ ತೆಗೆಸಿ ಎಂದು ಕೇಳಿದ್ದು ಈ ಕಾರಣಕ್ಕೆ.

ಅದನ್ನು ತೆಗೆಸಲು ಸಮಯವೂ ಇತ್ತು. ವಾಟ್ಸಾಪಿನಲ್ಲಿ ಹಾಕಿದ್ದನ್ನು ಎರಡು ದಿನ ಹನ್ನೆರಡು ಗಂಟೆಯ ಒಳಗೆ ಎಲ್ಲರ ಫೋನಿನಿಂದಲೂ ಅಳಿಸಬಹುದು. ಮೊದಲ ಅರ್ಜಿ ತಮ್ಮ ಕಚೇರಿಗೆ ಬಂದದ್ದು ಪಟ್ಟಿ ಬಿದ್ದ ಮರುದಿನ ಬೆಳಿಗ್ಗೆ. ಹಾಕಿದವರಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಯಾರೂ ಮಾಡಲಿಲ್ಲ. ಈಗ ಆ ಫೋಟೋ ಎಷ್ಟು ಗ್ಯಾಲರಿಗಳಲ್ಲಿ ಕುಳಿತಿದೆಯೋ, ಎಷ್ಟು ಗುಂಪು ದಾಟಿದೆಯೋ ಹೇಳುವವರಿಲ್ಲ.

ಕಾನೂನು ತಮಗೆ ತಿಳಿದದ್ದೇ. 2016ರ ಆಧಾರ್ ಕಾಯ್ದೆಯ ಸೆಕ್ಷನ್ 29(4) ಪ್ರಕಾರ ಜನರಿಂದ ಪಡೆದ ಆಧಾರ್ ನಂಬರನ್ನು, ವಿವರವನ್ನು, ಫೋಟೋವನ್ನು ಬಹಿರಂಗವಾಗಿ ಪ್ರಕಟಿಸುವಂತಿಲ್ಲ, ತೂಗುಹಾಕುವಂತಿಲ್ಲ. ನಿಯಮಗಳು ಹೇಳಿದ ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಕನ್ನಡದ ಹಿರಿಯರೊಬ್ಬರು ಹೋರಾಡಿ ತಂದ ಹಕ್ಕು ಗಡಿ ದಾಟಿ ನಮ್ಮ ವಾರ್ಡಿಗೂ ಬರಬೇಕಲ್ಲ.

ನಂಬರ್ ಗೊತ್ತಾದರೆ ಏನಾಯಿತು ಎಂದು ಕಚೇರಿಯಲ್ಲಿ ಒಬ್ಬರು ಕೇಳಿದರಂತೆ. ಏನಾಗುತ್ತದೆ ಎಂದರೆ ಇದು: ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಓಟಿಪಿ ಬರುವುದಿಲ್ಲ, ಪಿನ್ ಕೇಳುವುದಿಲ್ಲ. ಕಾಗದಪತ್ರಗಳಲ್ಲಿ ಒತ್ತಿದ ಹೆಬ್ಬೆಟ್ಟಿನಿಂದ ನಕಲಿ ಅಚ್ಚು ಮಾಡಿ ಹಣ ಎತ್ತಿದ ಪ್ರಕರಣಗಳನ್ನು ದೇಶದ ಹಲವೆಡೆ ಪೊಲೀಸರು ಹಿಡಿದಿದ್ದಾರೆ. ಮೂರರಲ್ಲಿ ಎರಡನ್ನು ಆ ಪಟ್ಟಿಯೇ ಕೊಟ್ಟಿದೆ. ಜತೆಗೆ ಮೊಬೈಲ್ ನಂಬರ್ ಬೇರೆ. "ಪೆನ್ಶನ್ ಆಫೀಸಿನಿಂದ ಮಾತಾಡುವುದು, ನಿಮ್ಮ ಖಾತೆಯ ನಂಬರ್ ಇಂತಿಂಥದ್ದು, ಸರಿ ತಾನೇ?" ಎಂದು ಯಾರಾದರೂ ಕೇಳಿದರೆ ಎಪ್ಪತ್ತು ವರ್ಷದವರು ನಂಬದೆ ಏನು ಮಾಡುತ್ತಾರೆ?

ಪಟ್ಟಿಯಲ್ಲಿರುವವರು ಈಗ ಮಾಡಬಹುದಾದದ್ದು ಬೆರಳಚ್ಚಿಗೆ ಬೀಗ ಹಾಕಿಸುವುದು. ಆಧಾರಿನ ಅಧಿಕೃತ ಆ್ಯಪಿನಲ್ಲೋ ಮೈ-ಆಧಾರ್ ತಾಣದಲ್ಲೋ ಬಯೋಮೆಟ್ರಿಕ್ ಲಾಕ್ ಎಂದಿದೆ. ಅದಕ್ಕೆ ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿ ಬೇಕು. ತೊಡಕು ಇರುವುದು ಅಲ್ಲಿ. ಎಷ್ಟೋ ಹಿರಿಯರ ಆಧಾರಿಗೆ ಯಾವ ನಂಬರೂ ಇಲ್ಲ, ಇದ್ದರೂ ಗಲ್ಫಿನಲ್ಲಿರುವ ಮಗನ ಹಳೆಯ ಸಿಮ್ಮಿನದ್ದು. ಬೀಗ ಹಾಕಿದ ಮೇಲೆ ರೇಷನ್ ಅಂಗಡಿಯ ಯಂತ್ರವೂ ಬೆರಳನ್ನು ಒಪ್ಪುವುದಿಲ್ಲ, ಮಸ್ಟರಿಂಗೂ ಆಗುವುದಿಲ್ಲ. ಪ್ರತಿಸಲ ತಾತ್ಕಾಲಿಕವಾಗಿ ತೆರೆದು ಬೆರಳು ಕೊಡಬೇಕು. ಇದನ್ನು ಮನೆಮನೆಗೆ ಹೋಗಿ ಹೇಳಿಕೊಡುವ ಹೊಣೆ ಪಟ್ಟಿ ಹಾಕಿದವರದ್ದು. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕೆಂದೂ ಅವರೇ ಹೇಳಲಿ.

ಮೊದಲ ಅರ್ಜಿಯ ನಂತರ ಒಂದು ತಿದ್ದಿದ ಪಟ್ಟಿ ಬಂತು, ಅದನ್ನೂ ಹೇಳಿಬಿಡಬೇಕು. ಆಧಾರ್ ಕಾಲಂ ಮೇಲೆ ಫೋನಿನ ಮಾರ್ಕರಿನಿಂದ ಕಪ್ಪು ಗೆರೆ ಎಳೆದಿದ್ದರು. ಆ ಮಾರ್ಕರಿನ ಮಸಿ ಅರೆಪಾರದರ್ಶಕ. ಫೋಟೋದ ಬೆಳಕು ಹೆಚ್ಚಿಸಿದರೆ ಹನ್ನೆರಡೂ ಅಂಕಿ ಎದ್ದು ಕಾಣುತ್ತದೆ, ಕಾಣಿಸಿತೂ ಹೌದು. ಇದೇ ತಪ್ಪು ಬೇರೆ ರೂಪದಲ್ಲೂ ಆಗುತ್ತದೆ. ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟರೆ ಕೆಳಗಿನ ಅಕ್ಷರ ಹಾಗೇ ಇರುತ್ತದೆ, ಎಳೆದು ಕಾಪಿ ಮಾಡಿದರೆ ಬರುತ್ತದೆ. ಎಕ್ಸೆಲಿನಲ್ಲಿ ಕಾಲಂ ಅಡಗಿಸಿ ಫೈಲ್ ಕಳಿಸಿದರೆ, ತೆಗೆದುಕೊಂಡವರು ಒಂದು ಕ್ಲಿಕ್ಕಿನಲ್ಲಿ ಅದನ್ನು ಮತ್ತೆ ತೋರಿಸಿಕೊಳ್ಳಬಹುದು. ಸರಿಯಾದ ದಾರಿ ಇಷ್ಟೇ: ಹೊಸ ಹಾಳೆ ತೆರೆದು ಹೆಸರು, ಮನೆ ಹೆಸರಿನ ಕಾಲಂ ಮಾತ್ರ ಅದಕ್ಕೆ ನಕಲು ಮಾಡಿ, ಕೊನೆಯ ದಿನಾಂಕ ಬರೆದು, ಆ ಹಾಳೆಯಿಂದ ಪ್ರತಿ ತೆಗೆಯುವುದು. ಐದು ನಿಮಿಷದ ಕೆಲಸ. ಜೆರಾಕ್ಸ್ ಕೇಳುವಾಗಲೂ ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಸಾಕಾಗುವಲ್ಲಿ ಪೂರ್ತಿ ನಂಬರಿನದ್ದು ಕೇಳಬೇಡಿ.

ಫಲಾನುಭವಿಗಳ ಪಟ್ಟಿ ಜನರಿಗೆ ಗೊತ್ತಾಗಬೇಡವೇ ಎಂದು ತಾವು ಕೇಳಬಹುದು. ಖಂಡಿತ ಗೊತ್ತಾಗಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4 ಅದನ್ನೇ ಹೇಳುತ್ತದೆ, ಗ್ರಾಮಸಭೆ ಇರುವುದೂ ಅದಕ್ಕೆ. ಯಾರಿಗೆ ಮನೆ ಸಿಕ್ಕಿತು, ಯಾರಿಗೆ ಪೆನ್ಶನ್ ಸಿಕ್ಕಿತು ಎಂದು ಊರು ನೋಡಲೇಬೇಕು. ಅದಕ್ಕೆ ಹೆಸರು, ವಾರ್ಡು, ಯೋಜನೆ ಸಾಕು. ಖಾತೆ ನಂಬರ್ ಬೇಡ, ಕಾಯಿಲೆ ಬೇಡ. ಇನ್ನೊಂದು ಮಾತು: ಈ ಪತ್ರವನ್ನು ನೆಪ ಮಾಡಿ ನಾಳೆಯಿಂದ ಯಾವ ಪಟ್ಟಿಯನ್ನೂ ತೋರಿಸದೆ ಇರಬೇಡಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಅವಕಾಶವಿರುವ ಮಾಹಿತಿ ಹಕ್ಕಿನ ಸೆಕ್ಷನ್ 8(1)(ಜೆ)ಯನ್ನು ತಿದ್ದಿದ್ದರಿಂದ ಆ ಭಯವೂ ಇದೆ. ಗುತ್ತಿಗೆದಾರನ ಬಿಲ್ಲು ಖಾಸಗಿ, ವಿಧವೆಯ ಮಾತ್ರೆ ಬಹಿರಂಗ ಎಂದಾಗುವುದು ಬೇಡ.

ಇನ್ನು ಭಾಷೆ. ಪಟ್ಟಿಯಷ್ಟೇ ಮುಖ್ಯವಾದದ್ದು ಇದು. 1956ರ ನವೆಂಬರ್ 1ರಿಂದ ಕೇರಳದಲ್ಲಿದ್ದೇವೆ, ಮಲಯಾಳದ ಮೇಲೆ ಯಾರಿಗೂ ಹಗೆ ಇಲ್ಲ. ಆದರೆ "ನನ್ನ ಮಾಹಿತಿ ಬಳಸಲು ಒಪ್ಪಿಗೆ ಇದೆ" ಎಂಬ ಸಾಲು ಓದಲು ಬಾರದ ಲಿಪಿಯಲ್ಲಿದ್ದರೆ ಅದರ ಕೆಳಗಿನ ಸಹಿ ಒಪ್ಪಿಗೆ ಹೇಗಾಗುತ್ತದೆ? 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರು ಹೆಚ್ಚಾಗಿರುವ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸಲು, ಉತ್ತರವನ್ನೂ ಅದರಲ್ಲೇ ಪಡೆಯಲು ಹಕ್ಕು ಕೊಟ್ಟಿದೆ. ಸಂವಿಧಾನದ 350ನೇ ವಿಧಿ ಕುಂದುಕೊರತೆಯ ಅರ್ಜಿಯನ್ನು ದೇಶದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಎನ್ನುತ್ತದೆ. ಆಧಾರ್ ದೃಢೀಕರಣದ ನಿಯಮಗಳು ಬೆರಳು ಇಡಿಸುವ ಮೊದಲು ಮಾಹಿತಿ ಯಾತಕ್ಕೆ ಎಂಬುದನ್ನು ಸ್ಥಳೀಯ ಭಾಷೆಯಲ್ಲಿ ತಿಳಿಸಬೇಕೆನ್ನುತ್ತವೆ. ಮಂಜೇಶ್ವರ ತಾಲೂಕಿನಲ್ಲಿ ಸ್ಥಳೀಯ ಭಾಷೆ ಎಂದರೆ ಕನ್ನಡವೂ ಹೌದು. 2023ರ ಕಾಯ್ದೆಯಲ್ಲೂ ಸಮ್ಮತಿ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ, ಅಂದರೆ ಕನ್ನಡವೂ ಸೇರಿದ ಪಟ್ಟಿಯ, ಯಾವ ಭಾಷೆಯಲ್ಲಿ ಬೇಕಾದರೂ ಓದುವ ಆಯ್ಕೆ ಕೊಡಬೇಕೆಂದಿದೆ. ಸರಕಾರದ ಸವಲತ್ತಿಗೆ ಹೊಸದಾಗಿ ಸಮ್ಮತಿ ಬೇಕಿಲ್ಲ ಎಂದು ಯಾರಾದರೂ ತಮಗೆ ಹೇಳಿಕೊಡಬಹುದು. ಸಮ್ಮತಿ ಬೇಡದಿದ್ದರೂ ತನ್ನ ಬಗ್ಗೆ ಏನು ಬರೆದುಕೊಂಡರು ಎಂದು ತಿಳಿಯುವುದು ಬೇಕು. ಕನ್ನಡದಲ್ಲಿ ಅರ್ಜಿ ನಮೂನೆ ಕೊಡಿ.

ಪಟ್ಟಿ ಎಂದರೇನು ಎಂದು ಈ ಜಿಲ್ಲೆಗೆ ಹೊಸದಾಗಿ ಹೇಳಬೇಕಾಗಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರು ಪಟ್ಟಿಯಲ್ಲಿ ಹೆಸರು ಬರಲೆಂದು ವರ್ಷಗಟ್ಟಲೆ ಕಾದವರು. ಹೆಸರಿದ್ದರೆ ಮದ್ದು, ಹೆಸರಿದ್ದರೆ 2017ರಲ್ಲಿ ಸುಪ್ರೀಂ ಕೋರ್ಟ್ ಕೊಡಲು ಹೇಳಿದ ಐದು ಲಕ್ಷ. ಲೋಕ ನೋಡಲಿ, ನ್ಯಾಯ ಸಿಗಲಿ ಎಂದು ಆ ತಾಯಂದಿರು ಮಕ್ಕಳ ಫೋಟೋ ತೆಗೆಯಲು ಬಿಟ್ಟರು. ಅದು ಅವರು ತಿಳಿದು, ಎದೆ ಗಟ್ಟಿ ಮಾಡಿಕೊಂಡು ತೆತ್ತ ಬೆಲೆ. ಮಸ್ಟರಿಂಗಿಗೆ ಬೆರಳು ಕೊಡಲು ಬಾಕಿ ಇರುವವರಿಂದ ಆ ಬೆಲೆ ಕೇಳುವ ಅಧಿಕಾರ ಯಾರಿಗೂ ಇಲ್ಲ.

ಕೊನೆಯದಾಗಿ, ಗುಂಪಿನಲ್ಲಿ "ಇದನ್ನು ಹಾಕಿದ್ದು ತಪ್ಪಲ್ಲವೇ" ಎಂದು ಕೇಳಿದ ಯುವಕನನ್ನು ಹೊರಹಾಕಿದ್ದು, ಪಂಚಾಯತಿಗೆ ಕೆಟ್ಟ ಹೆಸರು ತಂದರೆ ಸೈಬರ್ ಕೇಸು ಎಂದು ಹೆದರಿಸಿದ್ದು. ಜನರ ಬಾಯಿ ಮುಚ್ಚಿಸಲು ಬಳಸುತ್ತಿದ್ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಸೆಕ್ಷನ್ 66ಎಯನ್ನು, ಅದರ ಜತೆಗೆ ನಮ್ಮದೇ ಕೇರಳ ಪೊಲೀಸ್ ಕಾಯ್ದೆಯ 118(ಡಿ)ಯನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಮಾಡಿದೆ. 2020ರ ನವೆಂಬರಿನಲ್ಲಿ ಅದೇ ಬಗೆಯ 118ಎ ಎಂದು ಸುಗ್ರೀವಾಜ್ಞೆ ತಂದ ಸರಕಾರ ವಿರೋಧ ಎದ್ದದ್ದರಿಂದ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಪ್ರಶ್ನೆ ಕೇಳಿದವನ ಮೇಲೆ ಯಾವ ಕೇಸು ಹಾಕುತ್ತೀರಿ? ಅವನನ್ನು ಗುಂಪಿಗೆ ವಾಪಸು ಸೇರಿಸಿ.

ಕೇಳುವುದು ಹೊಸದೇನೂ ಅಲ್ಲ, ಎರಡು ಅರ್ಜಿಯಲ್ಲಿ ಇದ್ದದ್ದೇ. ಪಟ್ಟಿಯನ್ನು ಎಲ್ಲ ಗುಂಪುಗಳಿಂದ ತೆಗೆಸಿ, ಇಳಿಸಿಕೊಂಡವರೂ ಅಳಿಸುವಂತೆ ಪಂಚಾಯತಿನ ಹೆಸರಿನಲ್ಲಿ ಸೂಚನೆ ಹಾಕಿ. ಪಟ್ಟಿಯಲ್ಲಿದ್ದ ಪ್ರತಿಯೊಬ್ಬರ ಮನೆಗೆ ಹೋಗಿ ಏನೇನು ಹೊರಗೆ ಹೋಗಿದೆ ಎಂದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ. ಇನ್ನು ಮುಂದೆ ಆಧಾರ್, ಖಾತೆ, ಮೊಬೈಲ್, ಕಾಯಿಲೆ ಯಾವ ಗುಂಪಿಗೂ ಹೋಗಬಾರದೆಂದು ಆಡಳಿತ ಸಮಿತಿಯಲ್ಲಿ ನಿರ್ಣಯ ಮಾಡಿ, ಪ್ರತಿಯನ್ನು ಕಚೇರಿಯ ಫಲಕಕ್ಕೆ ಅಂಟಿಸಿ. ನಮೂನೆಗಳನ್ನು ಕನ್ನಡದಲ್ಲೂ ಇಡಿ. ಮುಂದಿನ ಗ್ರಾಮಸಭೆಯ ಒಳಗೆ ಇದಾಗಬೇಕು. ಪಟ್ಟಿ ತೆಗೆಸಿ.

ಆ ಅಮ್ಮನ ಮನೆಗೆ ಮಾತ್ರ ಸಿಬ್ಬಂದಿಯನ್ನು ಕಳಿಸದೆ ತಾವೇ ಹೋಗಬೇಕು ಎಂದು ವಿನಂತಿ.

ಇತಿ,
ತಮ್ಮ ಪಂಚಾಯತಿನ ಒಬ್ಬ ಮತದಾರ
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ