ಹೆರಿಗೆ ಕೋಣೆಯಲ್ಲಿ ರಕ್ತ ಅಳೆಯುವವರು ಯಾರು?

ಮಾನ್ಯ ಸಂಪಾದಕರೇ,

ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಸಣ್ಣ ಸಾಧನೆಯೇನಲ್ಲ. ಆದರೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಬಾಣಂತಿಯರು ಸಿಸೇರಿಯನ್ ಬಳಿಕ ಒಬ್ಬರ ಹಿಂದೊಬ್ಬರು ತೀರಿಕೊಂಡಿದ್ದೂ ಆಸ್ಪತ್ರೆಗೆ ಬಂದ ಮೇಲೆಯೇ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಚಿಕಿತ್ಸೆಯಿಂದ ತಡೆಯಬಹುದಾದ ಸಾವು ವರ್ಷಕ್ಕೆ 86 ಲಕ್ಷ, ಅದರಲ್ಲಿ 50 ಲಕ್ಷ ಸಾವಿಗೆ ಕಾರಣ ಸಿಕ್ಕ ಚಿಕಿತ್ಸೆ ಕಳಪೆಯಾಗಿದ್ದುದು ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2018ರಲ್ಲೇ ಅಂದಾಜಿಸಿತ್ತು.

ಹೆರಿಗೆ ನಂತರದ ರಕ್ತಸ್ರಾವವನ್ನೇ ನೋಡಿ. ಎಷ್ಟೋ ಕಡೆ ಇಂದಿಗೂ ಅದರ ಅಳತೆ ಕಣ್ಣಂದಾಜಿನದು. ಬಟ್ಟೆ, ಹತ್ತಿ ಹೀರಿಕೊಂಡದ್ದು, ಬಕೆಟ್ಟಿಗೆ ಇಳಿದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಕೇಸ್ ಶೀಟಿನಲ್ಲಿ ಬರೆಯುವುದು ನಿಜಕ್ಕಿಂತ ಕಡಿಮೆಯೇ. ಗಟ್ಟಿಮುಟ್ಟಾದ ಹೆಣ್ಣುಮಗಳ ಬಿಪಿ ಬಹಳ ರಕ್ತ ಹೋಗುವ ತನಕ ಇಳಿಯುವುದಿಲ್ಲ. ಇಳಿಯಿತೆಂದರೆ ತಡವಾಗಿದೆ ಎಂದೇ ಅರ್ಥ. ರಕ್ತಹೀನತೆ ಇರುವವಳಿಗೆ ಅಷ್ಟು ಹೊತ್ತೂ ಇಲ್ಲ.

ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗ ಇದಕ್ಕೆ ದಾರಿ ತೋರಿಸಿದೆ. ಮಗು ಹೊರಬಂದ ಕೂಡಲೇ ತಾಯಿಯ ಸೊಂಟದಡಿ ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಹಾಸುತ್ತಾರೆ. 500 ಮಿ.ಲೀ. ಗೆರೆ ಮುಟ್ಟಿದರೆ ಯಾರನ್ನೂ ಕೇಳುತ್ತ ಕೂರುವಂತಿಲ್ಲ: ಗರ್ಭಕೋಶ ತಿಕ್ಕುವುದು, ಅದನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ರಕ್ತಸ್ರಾವ ತಗ್ಗಿಸುವ 1 ಗ್ರಾಂ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಹೆರಿಗೆ ದಾರಿ ಎಲ್ಲಾದರೂ ಹರಿದಿದೆಯೇ ಎಂಬ ಪರೀಕ್ಷೆ, ಎಲ್ಲವೂ ಒಟ್ಟಿಗೇ ಶುರುವಾಗಬೇಕು. ಒಂದು ಫಲಿಸದಿದ್ದರೆ ಇನ್ನೊಂದು ನೋಡೋಣ ಎಂಬ ಹಳೆಯ ಕ್ರಮದಲ್ಲೇ ಹೊತ್ತು ಕಳೆಯುವುದು. ಲೀಟರ್ ಮೀರಿದ ಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯಬೇಕಾದ ಶಸ್ತ್ರಚಿಕಿತ್ಸೆ, ಅದರಿಂದಾದ ಸಾವು ಇವೆಲ್ಲ ಸೇರಿ ಎಂದಿನ ಕ್ರಮದಲ್ಲಿ ಶೇ 4.3 ಇದ್ದದ್ದು ಹೊಸ ಕ್ರಮದಲ್ಲಿ ಶೇ 1.6 ಮಾತ್ರ.

ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಕಲಬುರಗಿಯ ಮೇ ತಿಂಗಳಲ್ಲಿ ಅದನ್ನು ಟ್ರೇಯಲ್ಲೇ ಬಿಟ್ಟರೆ ಶಕ್ತಿ ಕುಂದುತ್ತದೆ, ನೋಡಲು ಮಾತ್ರ ಮೊದಲಿನಂತೆಯೇ ಇರುತ್ತದೆ. ಎರಡು ಆಂಪುಲ್ ಕೊಟ್ಟರೂ ಗರ್ಭಕೋಶ ಬಿಗಿಯಾಗದಿದ್ದಾಗ ಮೊದಲು ಫ್ರಿಜ್ಜಿನ ಬಗ್ಗೆ ಅನುಮಾನ ಪಡುವವರು ಎಷ್ಟು ಜನ?

ಹಾಗೆಂದು ಇನ್ನೊಂದು ಫಾರಂ ಹಂಚಿ ಕೈತೊಳೆದುಕೊಳ್ಳಬಾರದು. ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ನಡೆದ ಬೆಟರ್‌ಬರ್ತ್ ಪ್ರಯೋಗದಲ್ಲಿ ಹೆರಿಗೆ ಚೆಕ್‌ಲಿಸ್ಟ್ ಜೊತೆಗೆ ತರಬೇತುದಾರರೂ ಇದ್ದರು. ಪಾಲನೆ ಹೆಚ್ಚಿತು, ಅವರು ಹೋದ ಮೇಲೆ ಇಳಿಯಿತು; ಸಾವು ಮಾತ್ರ ಕಡಿಮೆಯಾಗಲಿಲ್ಲ. ರಾತ್ರಿ ಪಾಳಿಗೆ ಒಬ್ಬರೇ ಸ್ಟಾಫ್ ನರ್ಸ್, ರಕ್ತಕ್ಕೆ ಜಿಲ್ಲಾ ಕೇಂದ್ರಕ್ಕೇ ಓಡಬೇಕು ಎಂದಾದರೆ ಚೀಲ ಅಳೆದು ತೋರಿಸಿಯೂ ಏನು ಮಾಡುವುದು?

ಆರೋಗ್ಯ ಇಲಾಖೆ ಮಾಸಿಕ ವರದಿಯಲ್ಲಿ ಹೆರಿಗೆಗಳ ಸಂಖ್ಯೆಯ ಪಕ್ಕದಲ್ಲೇ ಮೂರು ಅಂಕಣ ಸೇರಿಸಲಿ: ಎಷ್ಟು ಹೆರಿಗೆಯಲ್ಲಿ ರಕ್ತ ಅಳೆಯಲಾಯಿತು, 500 ಮಿ.ಲೀ. ದಾಟಿದ ಎಷ್ಟು ನಿಮಿಷಕ್ಕೆ ಚಿಕಿತ್ಸೆ ಶುರುವಾಯಿತು, ಫ್ರಿಜ್ 8 ಡಿಗ್ರಿ ಮೀರಿದ ದಿನಗಳೆಷ್ಟು. ತಾಲ್ಲೂಕುವಾರು ಇದನ್ನು ಪ್ರಕಟಿಸಲಿ.

ಇಂತಿ,
ಒಬ್ಬ ಪ್ರಸೂತಿ ತಜ್ಞೆ, ಹುಬ್ಬಳ್ಳಿ