ನಮೂನೆ 'ಎ'ಯ ಎರಡನೆಯ ಸಾಲು

ಪ್ರೀತಿಯ ಗೆಳೆಯ,

ಹೊಸನಗರದ ಕಡೆಯ ಹಸಲರ (ಮಲೆನಾಡಿನ ಒಂದು ಪರಿಶಿಷ್ಟ ಪಂಗಡ) ಕೇರಿಯವರಿಗೆ ಅರಣ್ಯ ಹಕ್ಕಿನ ಅರ್ಜಿ ಬರೆದುಕೊಡಲು ಒಪ್ಪಿಕೊಂಡೆಯಂತೆ, ಕೇಳಿ ತುಂಬ ಸಂತೋಷವಾಯಿತು. ಭೂಮಿಯ ಹಕ್ಕು ಕೇಳುವ ಅರ್ಜಿಯಾದ ನಮೂನೆ 'ಎ' ಕೈಗೆ ಬಂದಾಗ ಮೊದಲು ಅದರ ಎರಡನೆಯ ಸಾಲು ನೋಡು. ಒಂದನೆಯದು ಅರ್ಜಿದಾರರ ಹೆಸರು, ಎರಡನೆಯದು ಗಂಡ ಅಥವಾ ಹೆಂಡತಿಯ ಹೆಸರು. ಅವಸರದಲ್ಲಿ ಖಾಲಿ ಉಳಿಯುವುದು ಇದೇ ಸಾಲು. 2006ರ ಅರಣ್ಯ ಹಕ್ಕು ಕಾಯ್ದೆಯ 4(4)ನೇ ಕಲಮಿನಂತೆ ಮದುವೆಯಾದವರ ಹಕ್ಕುಪತ್ರ ಗಂಡಹೆಂಡಿರಿಬ್ಬರ ಹೆಸರಿಗೂ ಜಂಟಿಯಾಗಿಯೇ ಬರಬೇಕು. ಗಂಡ ತೀರಿಹೋಗಿ ಹೆಂಗಸೇ ಸಂಸಾರ ನಡೆಸುತ್ತಿದ್ದರೆ ಆಕೆಯ ಹೆಸರಿಗೇ. ಆ ಭೂಮಿ ಮಕ್ಕಳಿಗೆ ದಾಟುತ್ತದೆ, ಮಾರಲು ಮಾತ್ರ ಬರುವುದಿಲ್ಲ. ಸಾಲದ ಇಕ್ಕಟ್ಟಿನಲ್ಲಿ ಮನೆಯ ನೆಲ ಕೈಬಿಟ್ಟು ಹೋಗದ ಹಾಗೆ ಹೆಣ್ಣಿಗಿರುವ ದೊಡ್ಡ ಕಾವಲು ಅದು.

ಒಂದು ಹೆಸರಿಗೆ ಇಷ್ಟು ಪಟ್ಟು ಏಕೆ ಅಂದರೆ, ಕಾಡಿನ ಬದುಕು ಕೂಲಿ ಬದುಕಾಗುತ್ತಿದ್ದ ಹಾಗೆ ಹೆಂಗಸಿನ ಕೈಯಲ್ಲಿದ್ದ ದುಡ್ಡು ಜಾರಿಹೋಗುತ್ತಿದೆ. ಬುಟ್ಟಿ, ಮೊರ, ಸೀಗೆಕಾಯಿ, ಅಂಟುವಾಳ ಮಾರಿದ್ದು ಆಕೆಯ ಸೆರಗಿನ ಗಂಟಿಗೇ ಸೇರುತ್ತಿತ್ತು. ಒಣಸಿಪ್ಪೆಗಾಗಿ ಮಾರುವ ಕಾಡುಹಣ್ಣು ಉಪ್ಪಾಗೆಯನ್ನೇ ನೋಡು. ಗಂಡಸು ಮರ ಹತ್ತಿ ಹಣ್ಣು ಉದುರಿಸುತ್ತಾನೆ. ಒಡೆದು ಬೀಜ ಬಿಡಿಸುವುದು, ಸುರಿಯುವ ಮಳೆಯಲ್ಲಿ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸುವುದು, ಆ ಬೆಂಕಿಗೆ ಕಟ್ಟಿಗೆ ಹೊರುವುದು ಹೆಂಗಸು. ಒಣಗಿದ್ದು ಸಾಲದಿದ್ದರೆ ಬೂಸಲು ಹಿಡಿಯುತ್ತದೆ, ವ್ಯಾಪಾರಿ ದರ ಮುರಿಯುತ್ತಾನೆ. ಈಗ ವ್ಯಾಪಾರಿ ಬೈಕಿದ್ದವನ ಹತ್ತಿರ ಮಾತಾಡುತ್ತಾನೆ, ಹಣ ಗಂಡಸಿನ ಫೋನಿಗೆ ಹೋಗುತ್ತದೆ. ಹೊಗೆ ಕುಡಿದವಳಿಗೆ ಎಷ್ಟು ಬಂತೆಂದೇ ಗೊತ್ತಾಗುವುದಿಲ್ಲ.

ಅಡಿಕೆ ಕೆಲಸದಲ್ಲೂ ಹೀಗೇ ಆಗಿದೆ. ಮೆಟ್ಟುಗತ್ತಿಯ ಮುಂದೆ ಕೂತು, ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಸೀಳಿ, ಡಬ್ಬಿ ಲೆಕ್ಕದಲ್ಲಿ ಕೂಲಿ ಪಡೆಯುವುದು ಹೆಂಗಸರ ಕೆಲಸ. ರಾತ್ರಿ ಹತ್ತಾದರೂ ಬೆರಳು ನಿಲ್ಲುತ್ತಿರಲಿಲ್ಲ. ಸುಲಿಯುವ ಯಂತ್ರ ಬಂದ ಕಡೆ ಅದನ್ನು ನಡೆಸುವವನು ಗಂಡಸು. ಯಂತ್ರ ಬಿಟ್ಟ ಅರೆಸುಲಿದ ಕಾಯಿ ಆರಿಸುವುದಷ್ಟೇ ಇವರಿಗೆ. ಉಳಿದ ದಿನಗಳಿಗೆ ಪಿಕಪ್ ಹತ್ತಿ ದೂರದ ಎಸ್ಟೇಟಿಗೆ ಹೋಗಬೇಕು. ಅಲ್ಲಿ ಮೇಸ್ತ್ರಿಯೋ ಡ್ರೈವರೋ ಮೈಮೇಲೆ ಕೈ ಹಾಕಿದರೆ ಯಾರಿಗೆ ಹೇಳುವುದೆಂದು ಅವರಿಗೆ ತಿಳಿದಿರಬೇಕು. ಹತ್ತು ಜನರಿಗಿಂತ ಕಡಿಮೆ ಇರುವ ಕೆಲಸದ ಜಾಗವಾದರೆ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯ ಹೊಣೆ. ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಸಹಾಯದ 112, ಈ ಎರಡು ನಂಬರನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆಸು.

ಇನ್ನು ಅಳತೆ. ಅನುಭವದಲ್ಲಿರುವಷ್ಟಕ್ಕೇ ಹಕ್ಕು, ಹೆಚ್ಚೆಂದರೆ 4 ಹೆಕ್ಟೇರ್, ಅಂದರೆ ಸುಮಾರು 9 ಎಕರೆ 35 ಗುಂಟೆ. ಹಸಲರ ಬಳಿ ಅಷ್ಟೆಲ್ಲ ಎಲ್ಲಿರುತ್ತದೆ? ಇರುವ ತುಂಡೇ ತಪ್ಪಬಾರದು. ಸ್ಥಳ ಪರಿಶೀಲನೆಗೆ ಬಂದವರು ಗಂಡಸಿನ ಜೊತೆ ಗದ್ದೆಯ ಅಂಚು, ತೋಟದ ಅಂಚು ನಡೆದು ಮುಗಿಸಿಬಿಟ್ಟರೆ ಹಿತ್ತಿಲು ನಕ್ಷೆಯಿಂದ ಹೊರಗೇ ಉಳಿಯುತ್ತದೆ. ಬಸಳೆ ಚಪ್ಪರ, ಬಾಳೆ, ಕೆಸುವು, ಕೋಳಿಗೂಡು, ಹೆಂಗಸು ಮನೆ ನಡೆಸುವುದೇ ಅದರಿಂದ. ಆಕೆಯನ್ನೇ ಮುಂದೆ ಬಿಟ್ಟು ಗಡಿ ನಡೆಸು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿದ್ದರು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ರೇಷನ್ ಕಾರ್ಡ್, ಮನೆ ಕಂದಾಯದ ರಸೀದಿ ಸಿಗದಿದ್ದರೆ ಹಳೆಯ ಬಾವಿ, ಹೆಣ ಹೂಳಿದ ಜಾಗ, ದೈವದ ಬನ ತೋರಿಸಬಹುದು. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯವೇ. ಯಾವ ಮಳೆಗಾಲದಲ್ಲಿ ಯಾವ ಮಗು ಹುಟ್ಟಿತು, ಆಗ ಗುಡಿಸಲು ಎಲ್ಲಿತ್ತು ಎಂಬುದು ಅಜ್ಜಿಯರ ಬಾಯಲ್ಲಿರುತ್ತದೆ. ಅವರನ್ನು ಕೇಳದೆ ಗಂಡಸರನ್ನಷ್ಟೇ ಕೂರಿಸಿಕೊಂಡು ಬರೆದರೆ ಕಡತ ಬಡವಾಗುತ್ತದೆ.

ಗ್ರಾಮಸಭೆಯ ಪರವಾಗಿ ಅರ್ಜಿ ಪಡೆದು ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ, ಅವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರು. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಸೇರಬೇಕು, ಸೇರಿದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅಡಿಕೆ ಕೊಯ್ಲಿನ ಕಾಲ. ಆಗ ಹಗಲಲ್ಲಿ ಸಭೆ ಇಟ್ಟರೆ ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಮನೆಮನೆಗೆ ಸಭೆಯ ಹಾಜರಿ ಪುಸ್ತಕ ಕಳಿಸಿ ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಮಾತ್ರ ಬೇಡ. ಸಭೆ ನಡೆದದ್ದೇ ಸುಳ್ಳು ಎಂದು ಯಾರಾದರೂ ತಕರಾರು ತೆಗೆದರೆ ಎಲ್ಲ ಅರ್ಜಿಗಳೂ ಒಟ್ಟಿಗೆ ಬೀಳುತ್ತವೆ. ಕೇರಿಯ ಹತ್ತಿರವೇ, ರಜೆಯ ದಿನ ನೋಡಿ ಸಭೆ ಕರೆ.

ಸೀಗೆ, ಉಪ್ಪಾಗೆಯಂಥ ಕಿರು ಅರಣ್ಯ ಉತ್ಪನ್ನಕ್ಕೆ ನಮೂನೆ 'ಬಿ' ಬೇರೆಯೇ ಹಾಕಬೇಕು, ಮರೆಯಬೇಡ. ಸಾಗಣೆ ಪರವಾನಗಿಯನ್ನು ಗ್ರಾಮಸಭೆಯ ಸಮಿತಿಯೇ ಕೊಡಬಹುದು ಎಂದು ಅರಣ್ಯ ಹಕ್ಕು ನಿಯಮಗಳ 2012ರ ತಿದ್ದುಪಡಿ ಹೇಳುತ್ತದೆ. ಆ ಚೀಟಿ ಇದ್ದರೆ ಸೀಗೆ ಚೀಲ ಹೊತ್ತು ರಸ್ತೆಗಿಳಿದ ಹೆಂಗಸು ಯಾರಿಗೂ ಹೆದರಬೇಕಿಲ್ಲ.

ಕಟ್ಟಿಗೆಗೆ, ದರಗಿಗೆ (ಉದುರಿದ ಒಣ ಎಲೆಗೆ) ಕಾಡು ಹೊಗುವವರೂ ಹೆಚ್ಚಾಗಿ ಅವರೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ, ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಡಿಸೆಂಬರಿನಿಂದ ಮೇವರೆಗೆ ಕೈಕಾಲಿಗೆ ಉಣ್ಣೆ ದೂರವಿಡುವ ಡೇಪಾ ತೈಲ ಹಚ್ಚಿಕೊಂಡೇ ಹೋಗಲಿ, ಬಂದ ಕೂಡಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಲಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲಿ.

ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಬರೆಸಿಕೋ. ಗ್ರಾಮಸಭೆಯಲ್ಲಿ ತಿರಸ್ಕಾರವಾದರೆ ಉಪವಿಭಾಗ ಮಟ್ಟದ ಸಮಿತಿಗೆ ಮೇಲ್ಮನವಿ ಹಾಕಲು 60 ದಿನ ಮಾತ್ರ. ಗಂಡ ಎಸ್ಟೇಟಿನಲ್ಲಿ, ನೋಟೀಸು ಅವನ ಚೀಲದಲ್ಲಿ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಅದಕ್ಕೇ ಪ್ರತಿ ಕಾಗದದ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಹೆಂಡತಿಯ ಕೈಗೇ ಕೊಡು.

ನಿನ್ನ ಗೆಳೆಯ