ಕೀ ಕಿತ್ತುಕೊಂಡ ಮಾಮನಿಗೆ, ಮತ್ತು ಉಳಿದವರಿಗೆ

ಅಪ್ಪನ ಕಾರು 19 ವರ್ಷಗಳ ನಂತರ ಮೊನ್ನೆ ಭಾನುವಾರ ಕೆಮ್ಮಿತು. ಎರಡು ಸಲ ಕೆಮ್ಮಿ, ನೀಲಿ ಹೊಗೆ ಉಗುಳಿ, ಆಮೇಲೆ ಗುರುಗುಟ್ಟತೊಡಗಿತು. ಹೊಗೆ ನೋಡಿ ನನ್ನ ಎದೆ ಧಸಕ್ಕೆಂದಿತು. "ಸಿಲಿಂಡರಿಗೆ ನೀನೇ ಎಣ್ಣೆ ಬಿಟ್ಟಿದ್ದೀಯಲ್ಲ ಮಾರಾಯ, ಅದು ಸುಡ್ತಿದೆ ಅಷ್ಟೆ" ಎಂದರು ಮಾಮ.

ಮೊದಲ ಥ್ಯಾಂಕ್ಸ್ ಅವರಿಗೇ. ಜೀವನವಿಡೀ ಕಾರು ರಿಪೇರಿ ಮಾಡಿದವರು. ಶೆಡ್ ತೆರೆದ ದಿನ ನಾನು ಹೊಸ ಬ್ಯಾಟರಿ ಕೂರಿಸಿ ಸೆಲ್ಫ್ ಹೊಡೆಯಲು ಹೊರಟಿದ್ದೆ. ಮಾಮ ಏನೂ ಹೇಳಲಿಲ್ಲ. ಸುಮ್ನೆ ಕೀ ಕಿತ್ತು ಜೇಬಿಗೆ ಹಾಕಿಕೊಂಡರು. ಇಷ್ಟು ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು, ಅಂದರೆ ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನಿನ ಸುತ್ತಲಿನ ಉಂಗುರ, ತುಕ್ಕು ಹಿಡಿದು ಅಂಟಿಕೊಂಡಿರಬಹುದಂತೆ. ಬಲವಂತವಾಗಿ ತಿರುಗಿಸಿದರೆ ರಿಂಗು ಮುರಿಯಬಹುದು, ಸಿಲಿಂಡರ್ ಗೀರಬಹುದು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಎರಡು ಚಮಚ ಎಣ್ಣೆ ಬಿಟ್ಟು ಕಾಯಬೇಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ನಿನ ಮುಂಭಾಗದ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಬೇಕು. ಮೊದಲ ದಿನ ಅಲ್ಲಾಡಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಸ್ಪ್ಯಾನರ್ ಒಂದು ಹೆಬ್ಬೆರಳಿನಷ್ಟು ಜರುಗಿತು. ಆ ಸಣ್ಣ ಜರುಗು ಇನ್ನೂ ಅಂಗೈಯಲ್ಲಿದೆ. ನಿಜ ಹೇಳಬೇಕೆಂದರೆ, ಸ್ಟಾರ್ಟ್ ಆದಾಗಿನ ಖುಷಿಗಿಂತ ಅದೇ ಜಾಸ್ತಿ.

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿಕೊಟ್ಟ ಗೆಳತಿಗೆ ಎರಡನೇ ಥ್ಯಾಂಕ್ಸ್. ಹಳೆ ಪೆಟ್ರೋಲ್ ಒಣಗಿ ಒಳಗೆಲ್ಲ ಕಂದು ಗೋಂದಾಗಿತ್ತು, ವಾರ್ನಿಷ್ ವಾಸನೆ ಬೇರೆ. ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ಪುಟ್ಟ ಹಿತ್ತಾಳೆ ಜೆಟ್ಟಿನ ತೂತಿಗೆ ನಾನು ತಂತಿ ತೂರಿಸಲು ಹೋದಾಗ ಕೈಮೇಲೆ ಒಂದು ಬಿಟ್ಟಳು. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಪೆಟ್ರೋಲ್ ಲೆಕ್ಕವೇ ತಪ್ಪುತ್ತದೆ, ಅಲ್ವಾ? ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದಾಗ ಸಾಸಿವೆಗಿಂತ ಚಿಕ್ಕ ಚುಕ್ಕಿ ಬೆಳಕು ಕಂಡಿತು.

ಟ್ಯಾಂಕಿನ ತುಕ್ಕು ತೊಳೆದ ತಮ್ಮನಿಗೆ, ಗಟ್ಟಿಯಾದ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದ ಭಾವನಿಗೆ ಕೂಡ ಥ್ಯಾಂಕ್ಸ್. ಪ್ಲಗ್ ಹಾಕುವ ಮೊದಲು ಎಂಜಿನ್ನಿನೊಳಗೆ ಎಣ್ಣೆಯ ಒತ್ತಡ ಏರಿ ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವವರೆಗೆ ಸೆಲ್ಫ್ ಹೊಡೆಯಲು ಮಾಮ ಒಮ್ಮೆ ಕೀ ಕೊಟ್ಟರು. ಕೆಲಸ ಮುಗಿದ ಕೂಡಲೇ ವಾಪಸ್!

ಇನ್ನು ಅಮ್ಮ. ಏರ್ ಫಿಲ್ಟರ್ ಡಬ್ಬಿ ತೆರೆದರೆ ಒಳಗೆ ಇಲಿಯ ಗೂಡು. ಅದರಲ್ಲಿದ್ದ ಹಸಿರು ಉಣ್ಣೆಯ ಎಳೆ ಹಿಡಿದು, "ಇದು ನಾನೇ ಹೆಣೆದಿದ್ದು, ನಿಮ್ಮಪ್ಪನ ಸ್ವೆಟರ್" ಎಂದಳು. ಎಳೆಗಳನ್ನು ಬಿಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಾಡಿ ಗುರುಗುಟ್ಟುವಾಗ ಪಕ್ಕದ ಸೀಟಿನಲ್ಲಿ ಕೂತಿದ್ದವಳು ಅವಳೇ.

ರಸ್ತೆಗೆ ಇನ್ನೂ ಇಳಿಸಿಲ್ಲ. ಬ್ರೇಕಿನ ರಬ್ಬರ್ ಸೀಲುಗಳು ಬದಲಾಗಬೇಕು. ಅಲ್ಲಿಯವರೆಗೆ ಕೀ ಮತ್ತೆ ಮಾಮನ ಜೇಬಿನಲ್ಲಿದೆ.